ತಪ್ಪು ಕಂಡಲ್ಲಿ ಕೈ ಹಾಕಬೇಡಿ: ಮೊದಲ ಮರದ ಬಿಲ್ಲಿನ ಕತೆ

(ಕೈಕೆಲಸದಲ್ಲಿ ಆಸಕ್ತಿ ಇರುವವರ ಒಂದು ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಿ ಇಲ್ಲಿ ಸ್ವಲ್ಪ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಎಡಗಡೆ ಬಿದ್ದಿರುವ ನಾಲ್ಕು ತುಂಡುಗಳು ನಾನು ಮಾಡಿದ ಮೊದಲ ಎರಡು ಬಿಲ್ಲು. ಬಲಗಡೆ ಇಡಿಯಾಗಿ ಇರುವುದು ಮೂರನೆಯದು. ಅದರಲ್ಲಿ ಬಾಣ ಬಿಡಬಹುದು. ನಡುವೆ ಇರುವ ಉದ್ದನೆಯ ಹಲಗೆ ಥರದ್ದು ಅರ್ಧ ಆದ ಬಿಲ್ಲು. ಅದರ ಸರದಿ ಕೊನೆಗೆ.

ರಾಮ ಶಿವಧನುಸ್ಸಿಗೆ ಹೆದೆ ಏರಿಸಿ ಎಳೆದಾಗ ಅದು ನಟ್ಟನಡುವೆ ಮುರಿಯಿತು. ಅವನಿಗೆ ಸೀತೆ ಸಿಕ್ಕಳು. ನನ್ನ ಮೊದಲ ಬಿಲ್ಲೂ ಎಳೆದಾಗಲೇ ಮುರಿದದ್ದು. ನನಗೆ ಸಿಕ್ಕಿದ್ದು ಹಣೆ ಮೇಲೆ ಒಂದು ಬುಗುಟು.

ಅದು ಯಾಕೆ ಮುರಿಯಿತು ಅನ್ನುವುದರಿಂದಲೇ ಶುರು ಮಾಡೋಣ. ಬಿಲ್ಲಿನ ಅರ್ಧ ಪಾಠ ಅದರಲ್ಲೇ ಇದೆ.

ಬಿಲ್ಲು ಹಿಡಿದು ನಿಂತಾಗ ನಿಮ್ಮ ಕಡೆಗಿರುವ ಬದಿಗೆ ಹೊಟ್ಟೆ ಅನ್ನುತ್ತಾರೆ. ಗುರಿಯ ಕಡೆಗಿರುವ ಬದಿ ಬೆನ್ನು. ಮೊದಲ ಸಲ ಕೇಳಿದಾಗ ನನಗೆ ಇದು ಉಲ್ಟಾ ಅನ್ನಿಸಿತ್ತು. ಆಮೇಲೆ ಒಮ್ಮೆ ಕೆಳಗೆ ಬಿದ್ದ ಪೆನ್ಸಿಲ್ ಎತ್ತಿಕೊಳ್ಳಲು ಬಗ್ಗಿದಾಗ ಗೊತ್ತಾಯಿತು. ಬಗ್ಗಿದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ. ಬಿಲ್ಲಿಗೂ ಅದೇ. ಬೆನ್ನಿನ ನಾರುಗಳನ್ನು ಯಾರೋ ಎರಡೂ ಕಡೆಯಿಂದ ಎಳೆದ ಹಾಗೆ. ಹೊಟ್ಟೆಯ ನಾರುಗಳನ್ನು ಎರಡೂ ಕಡೆಯಿಂದ ಒತ್ತಿದ ಹಾಗೆ.

ಈಗ ಒಂದು ವಿಚಿತ್ರ. ಉದ್ದಕ್ಕೆ ಹಿಡಿದರೆ ಮರ ಒತ್ತುವುದಕ್ಕಿಂತ ಎಳೆಯುವುದನ್ನು ಜಾಸ್ತಿ ತಡೆಯುತ್ತದೆ. ಅಂದರೆ ನಾರು ತುಂಡಾಗದೆ ತುದಿಯಿಂದ ತುದಿಗೆ ಓಡಿದ್ದರೆ, ಮೊದಲು ಸೋಲುವುದು ಹೊಟ್ಟೆ. ಅದು ಮೆಲ್ಲಗೆ ಸೋಲುತ್ತದೆ. ಬಿಲ್ಲು ಹೆದೆ ಇಳಿಸಿದ ಮೇಲೂ ಸ್ವಲ್ಪ ಬಾಗಿದಂತೆಯೇ ಉಳಿಯುತ್ತದೆ. ತೀರಾ ಆದರೆ ಹೊಟ್ಟೆ ಮೇಲೆ ಅಡ್ಡಡ್ಡ ಸಣ್ಣ ಸುಕ್ಕು ಬೀಳುತ್ತದೆ. ಬೆನ್ನು ಹಾಗಲ್ಲ. ಅದು ಸೋತರೆ ಒಂದೇ ಏಟಿಗೆ, ಪಟ್ ಅಂತ. ಅದು ಸೋಲುವುದು ಹೆಚ್ಚಾಗಿ ನಾರು ಎಲ್ಲೋ ಓರೆಯಾಗಿ ಹೊರಗೆ ಹೋಗಿ ಕಡಿದುಹೋಗಿರುವ ಜಾಗದಲ್ಲಿ.

ಈ ತುಂಡು ನೋಡಿ, ಕೈಗೆ ಕೊಡುತ್ತೇನೆ, ಹಿಂದಿನವರಿಗೂ ದಾಟಿಸಿ. ಮುರಿದ ಜಾಗ ಅಡ್ಡಕ್ಕೆ ಇಲ್ಲ. ಕತ್ತಿಯ ಬಾಯಿಯ ಹಾಗೆ ಓರೆಯಾಗಿ ಒಂದು ಗೇಣು ಉದ್ದ ಸೀಳಿದೆ. ಮರದ ಗೆರೆ ಹೇಗೆ ಓರೆ ಓಡಿತ್ತೋ ಅದೇ ದಾರಿಯಲ್ಲಿ ಬಿಟ್ಟುಕೊಂಡಿದೆ. ಗೆರೆ ಓರೆ ಇದ್ದದ್ದು ಹಲಗೆ ಕೊಳ್ಳುವಾಗಲೇ ನನಗೆ ಕಂಡಿತ್ತು. ಸುಮ್ನೆ ಹಟ. ಮರದ ಬಣ್ಣ ಚೆನ್ನಾಗಿತ್ತು ಅಂತ ತಂದೆ.

ಹಾಗಾಗಿ ಮೊದಲ ಮಾತು ಮರದ್ದು. ಯಾವ ಮರ ಅಂತ ಎಲ್ಲರೂ ಕೇಳುತ್ತಾರೆ. ಯೂರೋಪಿನಲ್ಲಿ ಯೂ ಮರಕ್ಕೆ ದೊಡ್ಡ ಹೆಸರು. ಅದರ ಹೊರಗಿನ ಬಿಳಿ ಭಾಗ ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಒಳಗಿನ ಕೆಂಪು ಕೆಚ್ಚು ಒತ್ತಡವನ್ನು ತಡೆಯುತ್ತದೆ. ಬೆನ್ನು, ಹೊಟ್ಟೆ ಎರಡನ್ನೂ ಒಂದೇ ಮರ ಒದಗಿಸಿದಂತೆ. ಇಂಗ್ಲೆಂಡಿನ ರಾಜ 8ನೇ ಹೆನ್ರಿಯ ಮೇರಿ ರೋಸ್ ಹಡಗು 1545ರಲ್ಲಿ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಬಿಲ್ಲುಗಳು ಮುರಿಯದೆ ಸಿಕ್ಕವು, ಯೂ ಮರದವು. ಅಮೆರಿಕದಲ್ಲಿ ಓಸೇಜ್ ಆರೆಂಜ್ ಅನ್ನುವ ಮರ. ಫ್ರೆಂಚರು ಅದನ್ನು 'ಬಿಲ್ಲಿನ ಮರ' ಅಂತಲೇ ಕರೆದರು. ಇನ್ನು ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ ಸಿಕ್ಕಿದ ಬಿಲ್ಲುಗಳಿಗೆ ಸುಮಾರು 9000 ವರ್ಷ. ಅವು ಎಲ್ಮ್ ಮರದವು. ಆ್ಯಶ್, ಹಿಕರಿ, ಓಕ್, ಮೇಪಲ್, ಎಲ್ಲದರಲ್ಲೂ ಜನ ಬಿಲ್ಲು ಮಾಡಿದ್ದಾರೆ.

ಆದರೆ ಮೊದಲ ಬಿಲ್ಲಿಗೆ ಮರದ ಹೆಸರು ಅಷ್ಟು ಮುಖ್ಯ ಅಲ್ಲ. ಹಗುರವಾದ, ಉಗುರು ಒತ್ತಿದರೆ ಗುರುತು ಬೀಳುವಂಥ ಮರ ಬೇಡ. ಸ್ವಲ್ಪ ತೂಕದ, ಗಟ್ಟಿ ಮರ ಸಾಕು. ಎಳೆ ನೆಟ್ಟಗಿರಬೇಕು, ಅಷ್ಟೇ. ಓರೆ ಎಳೆಯ ಯೂ ಮರಕ್ಕಿಂತ ನೆಟ್ಟನೆಯ ಎಳೆಯ ಓಕ್ ಹಲಗೆ ಎಷ್ಟೋ ಮೇಲು.

ಮರ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ದಿಮ್ಮಿಯನ್ನು ಬೆಣೆ ಹೊಡೆದು ಸೀಳಿದ್ದು. ಸೀಳು ಯಾವಾಗಲೂ ನಾರಿನ ದಾರಿಯಲ್ಲೇ ಹೋಗುತ್ತದೆ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ತೊಗಟೆಯ ಕೆಳಗಿನ ಮೈಯನ್ನೇ ಬೆನ್ನು ಅಂತ ಇಟ್ಟುಕೊಳ್ಳಬಹುದು. ಇಲ್ಲವಾದರೆ ಒಂದೊಂದೇ ವರ್ಷದ ಪದರ ತೆಗೆಯುತ್ತ ಹೋಗಿ ಒಂದು ಪದರದಲ್ಲಿ ನಿಂತು, ಇಡೀ ಬೆನ್ನು ಆ ಒಂದೇ ಪದರದಲ್ಲಿ ಇರುವ ಹಾಗೆ ನೋಡಿಕೊಳ್ಳಬೇಕು. ಇದು ತಾಳ್ಮೆಯ ಕೆಲಸ. ಮೊದಲ ಬಿಲ್ಲಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಇನ್ನೊಂದು, ಗರಗಸದಲ್ಲಿ ಕೊಯ್ದ ಹಲಗೆ. ಗರಗಸಕ್ಕೆ ನಾರಿನ ಹಂಗಿಲ್ಲ, ಅದು ನೆಟ್ಟಗೆ ಹೋಗುತ್ತದೆ. ಹಾಗಾಗಿ ಆರಿಸುವ ಕೆಲಸ ನಿಮ್ಮದು. ಹಲಗೆಯ ಅಗಲದ ಮುಖದ ಮೇಲೆ ಒಂದು ಗೆರೆಗೆ ಬೆರಳು ಇಡಿ. ಹಾಗೇ ಅದನ್ನು ಹಿಂಬಾಲಿಸಿ. ಈ ತುದಿಯಲ್ಲಿ ಶುರುವಾದದ್ದು ಆ ತುದಿ ತಲುಪಬೇಕು. ನಡುವೆ ಅಂಚಿನಿಂದ ಹೊರಗೆ ಜಾರಿಹೋದರೆ ಆ ಹಲಗೆ ಬಿಡಿ. ಆಮೇಲೆ ಪಕ್ಕದ ಮುಖದಲ್ಲೂ ಹಾಗೇ ನೋಡಿ. ಮೂರನೇ ಬಿಲ್ಲಿಗೆ ಹಲಗೆ ಹುಡುಕುವಾಗ ನಾನು ಒಂದು ಇಡೀ ರಾಶಿ ಮಗುಚಿದೆ. ಅಂಗಡಿಯವರು ಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ತಾವೇ ಬಂದು ಹುಡುಕಿಕೊಟ್ಟರು.

ಹಸಿ ಮರದಲ್ಲಿ ಬಿಲ್ಲು ಮಾಡಿದರೆ ಅದು ಬಾಗಿದ್ದು ಬಾಗಿದಂತೆ ಉಳಿದುಬಿಡುತ್ತದೆ. ತೀರಾ ಒಣಗಿದರೆ ಮುರಿಯುತ್ತದೆ. ಮರದಲ್ಲಿ ನೀರಿನ ಅಂಶ ನೂರಕ್ಕೆ 8ರಿಂದ 10 ಇದ್ದರೆ ಸರಿ. ಅಳೆಯುವ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ನೆರಳಲ್ಲಿ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಅಲ್ಲಿನ ಗಾಳಿಗೆ ಎಷ್ಟು ಒಣಗಬಹುದೋ ಅಷ್ಟು ಒಣಗಿದೆ ಅಂತ ಅರ್ಥ. ಹಸಿ ದಿಮ್ಮಿಯಾದರೆ ಕಡಿದ ದಿನವೇ ಎರಡೂ ತುದಿಗೆ ಅಂಟೋ ಬಣ್ಣವೋ ಬಳಿಯಿರಿ. ಇಲ್ಲದಿದ್ದರೆ ತುದಿ ಬೇಗ ಒಣಗಿ ಬಿರುಕು ಒಳಗೆ ಓಡುತ್ತದೆ.

ಅಳತೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡೂ ಕೈ ಚಾಚಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅಳೆದು, ಎರಡೂವರೆಯಿಂದ ಭಾಗಿಸಿ. ಅದು ನೀವು ಬಾಣ ಎಳೆಯುವ ಉದ್ದ. ಅದರ ಎರಡರಷ್ಟಕ್ಕೆ 10–12 ಇಂಚು ಸೇರಿಸಿದರೆ ಬಿಲ್ಲಿನ ಉದ್ದ. 28 ಇಂಚು ಎಳೆಯುವವರಿಗೆ 66ರಿಂದ 68 ಇಂಚು. ನಡುವೆ 4 ಇಂಚು ಹಿಡಿ. ಹಿಡಿಯ ಆಚೆ ಈಚೆ ಬಾಗುವ ಭಾಗಗಳಿಗೆ ತೋಳು ಅನ್ನುತ್ತಾರೆ. ಹಿಡಿಯಿಂದ ತೋಳಿಗೆ ಇಳಿಯುವ ಇಳಿಜಾರು ಎರಡೂ ಕಡೆ 2 ಇಂಚು. ಹಲಗೆ ತೆಳ್ಳಗಿದ್ದರೆ ಹಿಡಿಯ ಜಾಗಕ್ಕೆ ಇನ್ನೊಂದು ತುಂಡು ಅಂಟಿಸಬೇಕು. ತೋಳು ಅರ್ಧದವರೆಗೆ 45 ಮಿ.ಮೀ. ಅಗಲ, ಅಲ್ಲಿಂದ ತುದಿಗೆ ಹೋಗುತ್ತ 12 ಮಿ.ಮೀ.ಗೆ ಕಿರಿದಾಗಬೇಕು. ದಪ್ಪ ಸದ್ಯಕ್ಕೆ ಹಿಡಿಯ ಹತ್ತಿರ 16 ಮಿ.ಮೀ., ತುದಿಯಲ್ಲಿ 13. ಅಗಲವನ್ನು ಗರಗಸದಲ್ಲಿ ಕೊಯ್ಯಿರಿ, ದಪ್ಪವನ್ನು ಉಜ್ಜುಗೊರಡಿನಲ್ಲೋ ಒರಟು ಅರದಲ್ಲೋ ಇಳಿಸಿ. ಬೆನ್ನನ್ನು ಮಾತ್ರ ಮುಟ್ಟಬೇಡಿ. ತೆಗೆಯುವುದೆಲ್ಲ ಹೊಟ್ಟೆ ಕಡೆಯಿಂದ.

ಸಭೆಯಿಂದ ಒಬ್ಬರು: ಹೆಚ್ಚು ಕಡಿಮೆ ಆದರೆ ಪರವಾಗಿಲ್ಲವಾ?

ಅಗಲದಲ್ಲಿ ಪರವಾಗಿಲ್ಲ. ದಪ್ಪದಲ್ಲಿ ಪರವಾಗಿದೆ. ಇದನ್ನು ನಾನು ಮೊದಲೇ ತಿಳಿದಿದ್ದರೆ ಎರಡನೇ ಬಿಲ್ಲು ಉಳಿಯುತ್ತಿತ್ತೋ ಏನೋ. ಅಗಲ ಎರಡು ಪಟ್ಟು ಮಾಡಿದರೆ ಬಿಲ್ಲಿನ ಬಿಗಿ ಎರಡು ಪಟ್ಟು ಆಗುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಎಂಟು ಪಟ್ಟು ಆಗುತ್ತದೆ. ದಪ್ಪದ ಲೆಕ್ಕ ಘನದ್ದು, ಎರಡು ಪಟ್ಟು ಅಂದರೆ 2×2×2. ಈ ಲೆಕ್ಕವನ್ನು ತಿರುಗಿಸಿ ನೋಡಿ. 16 ಮಿ.ಮೀ. ಇರುವ ಕಡೆ ಬರೀ 1 ಮಿ.ಮೀ. ತೆಗೆದರೆ ಅಲ್ಲಿನ ಬಿಗಿ ನೂರಕ್ಕೆ 18ರಷ್ಟು ಹೋಯಿತು. ಒಂದು ಮಿಲಿಮೀಟರ್ ಅಂದರೆ ಒರಟು ಅರದಲ್ಲಿ ಎಷ್ಟು ಹೊತ್ತು? ಬಿಸಿ ಟೀ ಆರುವಷ್ಟು ಹೊತ್ತೂ ಬೇಡ.

ಈಗ ನಿಜವಾದ ಕೆಲಸಕ್ಕೆ ಬಂದೆವು. ಇಲ್ಲಿವರೆಗಿನದು ಬಡಗಿ ಕೆಲಸ. ಎರಡು ತೋಳೂ ಒಂದೇ ಸಮ, ಉದ್ದಕ್ಕೂ ಒಂದೇ ಹದದಲ್ಲಿ ಬಾಗುವಂತೆ ಮಾಡುವುದಕ್ಕೆ ಟಿಲ್ಲರಿಂಗ್ ಅನ್ನುತ್ತಾರೆ. ನಾನು ಹದ ಮಾಡುವುದು ಅನ್ನುತ್ತೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆ ಇದೆಯಲ್ಲ, ಅದು ಬಿಲ್ಲು ಮಾಡುವವರಿಗೆ ಹೊಂದುವುದಿಲ್ಲ. ಮರವಾಗಿ, ಹಲಗೆಯಾಗಿ, ಒಣಗಿದ ಮೇಲೇ ಅವರು ಬಗ್ಗಿಸುವುದು.

ಮೊದಲು ನೆಲದ ಮೇಲೆ. ಒಂದು ತುದಿ ನೆಲಕ್ಕೆ ಊರಿ, ಹಿಡಿಯನ್ನು ಒಂದು ಕೈಯಲ್ಲಿ, ಮೇಲಿನ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ. ತೋಳು ಕೆಲವು ಇಂಚು ಬಗ್ಗಬೇಕು. ಎಲ್ಲಿ ಬಗ್ಗುತ್ತಿಲ್ಲ ಅಂತ ಮೇಲಿನಿಂದ ಕಣ್ಣು ಹಾಯಿಸಿ ನೋಡಿ. ತಿರುಗಿಸಿ ಇನ್ನೊಂದು ತೋಳು. ಅದಾದ ಮೇಲೆ ತುದಿಗಳಲ್ಲಿ ಹೆದೆ ಕೂರುವ ಕಚ್ಚು. ಸಣ್ಣ ದುಂಡನೆಯ ಅರದಲ್ಲಿ ಪಕ್ಕಗಳಲ್ಲಿ ಮಾತ್ರ, ಓರೆಯಾಗಿ. ಬೆನ್ನಿಗೆ ಅಡ್ಡಲಾಗಿ ಗೀರಿದರೆ ಕೆಟ್ಟಿತು.

ಆಮೇಲೆ ಒಂದು ಉದ್ದ ಹೆದೆ ಕಟ್ಟಿ. ಬಿಗಿ ಬೇಡ, ತೋಳಿಗೆ ತಾಗುವಷ್ಟು ಇದ್ದರೆ ಆಯಿತು. ಗೋಡೆಗೆ ಒಂದು ಗೂಟ ಜಡಿದು ಬಿಲ್ಲನ್ನು ಅದರ ಮೇಲೆ ಅಡ್ಡ ಕೂರಿಸಿ. ಹೆದೆಗೆ ಹಗ್ಗ ಸಿಕ್ಕಿಸಿ, ಕೆಳಗೆ ಒಂದು ರಾಟೆ ಹಾಕಿ, ನೀವು ದೂರ ನಿಂತು ಹಗ್ಗ ಎಳೆಯಿರಿ. ದೂರ ನಿಲ್ಲುವುದರಲ್ಲಿ ಎರಡು ಲಾಭ. ಇಡೀ ಬಾಗು ಒಂದೇ ನೋಟಕ್ಕೆ ಕಾಣುತ್ತದೆ. ಮುರಿದರೆ ಹಣೆ ಉಳಿಯುತ್ತದೆ. ಹಗ್ಗಕ್ಕೆ ಒಂದು ಸ್ಪ್ರಿಂಗ್ ತಕ್ಕಡಿ ಕಟ್ಟಿದರೆ ಎಷ್ಟು ಭಾರ ಅಂತಲೂ ಗೊತ್ತಾಗುತ್ತದೆ.

ಭಾರ ಅಂದೆ. ಬಿಲ್ಲಿನ ಬಲವನ್ನು ಪೌಂಡಿನಲ್ಲಿ ಹೇಳುವುದು ರೂಢಿ. ಮೇರಿ ರೋಸ್‌ನ ಬಿಲ್ಲುಗಳಲ್ಲಿ ಹೆಚ್ಚಿನವು 100 ಪೌಂಡಿಗೂ ಮೇಲೆ ಇದ್ದಿರಬೇಕು ಅನ್ನುವುದು ತಿಳಿದವರ ಅಂದಾಜು. ನಿಮ್ಮ ಮೊದಲ ಬಿಲ್ಲಿಗೆ 35 ಪೌಂಡ್ ಸಾಕು, ಅಂದರೆ ಸುಮಾರು 16 ಕಿಲೊ. ಈ ಸಂಖ್ಯೆ ಒಂದು ಬೇಲಿ. ಹದ ಮಾಡುವಾಗ ಎಷ್ಟೇ ಇಂಚು ಬಂದಿರಲಿ, ತಕ್ಕಡಿ 35 ತೋರಿಸಿದ ಕೂಡಲೇ ನಿಲ್ಲಿಸಬೇಕು. 10 ಇಂಚಿಗೇ 35 ಬಂತಾ, ಇಳಿಸಿ, ಹೆರೆಯಿರಿ. ಮತ್ತೆ ಎಳೆದಾಗ 12ಕ್ಕೆ ಬರುತ್ತದೆ. ಹೀಗೆ 28ರ ತನಕ. ಇನ್ನೊಂದು ಮಾತು. ಬಾಗು ಸರಿ ಇಲ್ಲ ಅಂತ ಕಂಡರೆ ಆ ಜಾಗದಿಂದ ಒಂದು ಇಂಚೂ ಮುಂದೆ ಎಳೆಯಬೇಡಿ. ಸರಿ ಮಾಡಿ, ಆಮೇಲೆ ಮುಂದೆ.

ಈ ಎರಡನೇ ಬಿಲ್ಲು ಮುರಿದದ್ದು ಇಲ್ಲಿ. ಮರ ಒಳ್ಳೆಯದೇ ಇತ್ತು. ಹೆದೆ ಎಳೆದಾಗ ಮೇಲಿನ ತೋಳಿನ ನಡುವೆ ಒಂದು ಜಾಗ ಮಾತ್ರ ಕದದ ತಿರುಗಣೆ ಥರ ಮಡಚುತ್ತಿತ್ತು. ಅದನ್ನು ತಿರುಗಣೆ ಅಂತಲೇ ಕರೆಯೋಣ. ಅದು ಕಣ್ಣಿಗೆ ಚುಚ್ಚುತ್ತಿತ್ತು. ಏನು ಮಾಡಿದೆ? ಅಲ್ಲೇ ಉಜ್ಜಿದೆ. ಬಾಗು ನಯವಾಗಲಿ ಅಂತ ಅದೇ ಜಾಗಕ್ಕೆ ಅರ ಹಾಕಿದೆ. ಮತ್ತೆ ಎಳೆದೆ. ಇನ್ನೂ ಜಾಸ್ತಿ ಮಡಚಿತು. ಅಕ್ಕಪಕ್ಕ ಸೇರಿಸಿ ಇನ್ನೂ ಉಜ್ಜಿದೆ. ಮೂರನೇ ಸಲ ಎಳೆದಾಗ ಟಿಕ್ ಅಂತ ಒಂದು ಸಣ್ಣ ಸದ್ದು. ಬೆನ್ನಿನ ಮೇಲೆ ಒಂದು ಎಳೆ, ಕೂದಲಿನಷ್ಟು ತೆಳ್ಳಗೆ, ಎದ್ದು ನಿಂತಿತ್ತು. ನಾನು ಅದನ್ನು ಉಗುರಲ್ಲಿ ಒತ್ತಿ ಕೂರಿಸಿ, ಇನ್ನೊಮ್ಮೆ ಎಳೆದೆ. ನಗಬೇಡಿ, ಹಾಗೇ ಮಾಡಿದೆ.

ಹೆಚ್ಚು ಬಗ್ಗುವ ಜಾಗ ಅಂದರೆ ಅಲ್ಲಿ ಮರ ಆಗಲೇ ಕಡಿಮೆ ಇದೆ ಅಂತ. ಅಲ್ಲಿಂದ ತೆಗೆಯುವುದಕ್ಕೆ ಏನೂ ಉಳಿದಿಲ್ಲ. ತೆಗೆಯಬೇಕಾದ್ದು ಬೇರೆ ಎಲ್ಲ ಕಡೆಯಿಂದ. ತಪ್ಪು ಕಂಡ ಜಾಗವನ್ನು ಬಿಟ್ಟು ಸರಿಯಾಗಿ ಕಾಣುವ ಜಾಗವನ್ನು ಹೆರೆಯಬೇಕು. ಹೇಳಲು ಸುಲಭ. ಕೈ ಮಾತ್ರ ಕೇಳುವುದಿಲ್ಲ. ಇವತ್ತಿಗೂ ನನ್ನ ಕೈ ಮೊದಲು ಹೋಗುವುದು ತಿರುಗಣೆಯ ಕಡೆಗೇ. ಹಾಗಾಗಿ ನಾನು ಅಲ್ಲಿ ಪೆನ್ಸಿಲಿನಿಂದ ದೊಡ್ಡ ಸೊನ್ನೆ ಬರೆದು, ಮೇಲೆ ಪೇಪರ್ ಟೇಪ್ ಅಂಟಿಸಿಬಿಡುತ್ತೇನೆ.

ಬಗ್ಗದ ಜಾಗ ಹುಡುಕಲು ಒಂದು ಸಣ್ಣ ಉಪಾಯ ಇದೆ. ಗೇಣುದ್ದಕ್ಕಿಂತ ಸ್ವಲ್ಪ ಚಿಕ್ಕದಾದ, ಮಟ್ಟಸವಾದ ಮರದ ತುಂಡು. ನಡುವೆ ತೂತು, ತೂತಿನಲ್ಲಿ ಬಿಗಿಯಾಗಿ ಕೂರುವ ಪೆನ್ಸಿಲ್ ತುಂಡು. ಬಿಲ್ಲನ್ನು ಸ್ವಲ್ಪ ಬಗ್ಗಿಸಿ ಇಟ್ಟು, ಇದನ್ನು ಹೊಟ್ಟೆಯ ಮೇಲೆ ಉದ್ದಕ್ಕೂ ಜಾರಿಸಿ. ಬಗ್ಗಿದ ಕಡೆ ಹೊಟ್ಟೆ ಒಳಗೆ ತಗ್ಗಿರುತ್ತದೆ, ಪೆನ್ಸಿಲ್ ಮುಟ್ಟುವುದಿಲ್ಲ. ಚಪ್ಪಟೆ ಇರುವ ಕಡೆ ಮುಟ್ಟಿ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಹೆರೆಯಿರಿ. ಪೆನ್ಸಿಲ್ ಎಷ್ಟು ಹೊರಗಿರಬೇಕು ಅನ್ನುವುದನ್ನು ಚೆನ್ನಾಗಿ ಬಗ್ಗುತ್ತಿರುವ ಒಂದು ಜಾಗದಲ್ಲಿ ಇಟ್ಟು ಗೊತ್ತು ಮಾಡಿಕೊಳ್ಳಿ. ಅಲ್ಲಿ ಅದು ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಇದರ ಜೊತೆಗೆ ಬಿಲ್ಲನ್ನು ಎಳೆದು ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಎಡಬಲ ತಿರುಗಿಸಿ ನೋಡಿ. ಅರ್ಧ ಗಂಟೆ ಒಂದೇ ಬಾಗು ನೋಡಿದ ಕಣ್ಣು ಅದನ್ನೇ ಸರಿ ಅಂದುಬಿಡುತ್ತದೆ. ತಿರುಗಿಸಿದ ಫೋಟೊ ಅದನ್ನು ಎಚ್ಚರಿಸುತ್ತದೆ.

ಪ್ರತಿ ಸಲ ಹೆರೆದ ಮೇಲೆ ಬಿಲ್ಲನ್ನು 20–30 ಸಲ ಮೆಲ್ಲಗೆ ಎಳೆದು ಬಿಡಿ. ಎಳೆದು ಬಿಡುವುದು ಅಂದರೆ ಕೈಯಿಂದ ಜಾರಿಸುವುದಲ್ಲ, ಹಿಡಿದೇ ಇಳಿಸುವುದು. ಹೆರೆದದ್ದರ ಪರಿಣಾಮ ಕೂಡಲೇ ಕಾಣುವುದಿಲ್ಲ. ಮರಕ್ಕೆ ಅದು ಗೊತ್ತಾಗಲು ನಾಲ್ಕಾರು ಎಳೆತ ಬೇಕು. ಅದನ್ನು ಬಿಟ್ಟು ಮೇಲಿಂದ ಮೇಲೆ ಹೆರೆದರೆ, ನಿನ್ನೆ 40 ಇದ್ದ ಬಿಲ್ಲು ಇವತ್ತು 25 ಆಗಿರುತ್ತದೆ. ತೆಗೆದ ಮರ ವಾಪಸ್ ಬರುವುದಿಲ್ಲ.

ಇನ್ನೊಬ್ಬರು: ಒಂದು ಬಿಲ್ಲಿಗೆ ಎಷ್ಟು ದಿನ ಬೇಕು?

ಕೊಯ್ದು ಆಕಾರ ತರುವುದು ಒಂದು ದಿನ. ಹದ ಮಾಡುವುದು ನನಗೆ ನಾಲ್ಕು ಭಾನುವಾರ ಹಿಡಿಯಿತು. ಆತುರ ಇರುವ ದಿನ, ಯಾರಾದರೂ ನೋಡುತ್ತ ನಿಂತಿರುವ ದಿನ ಕೈ ಹಾಕಬೇಡಿ. ಮೊದಲ ಬಿಲ್ಲನ್ನು ನಾನು ಪೂರ್ತಿ ಎಳೆದದ್ದು ಒಬ್ಬ ಗೆಳೆಯ 'ಇಷ್ಟೇನಾ?' ಅಂದ ಅಂತ.

ಬಾಗು 20 ಇಂಚಿನ ಹತ್ತಿರ ಸರಿ ಕಾಣುವ ಹೊತ್ತಿಗೆ ಗಿಡ್ಡ ಹೆದೆ ಏರಿಸಿ. ಮೊದಲು ತಗ್ಗಾಗಿ, ಆಮೇಲೆ ಪೂರ್ತಿ. ಮುಷ್ಟಿ ಮಾಡಿ ಹೆಬ್ಬೆರಳು ಎತ್ತಿದರೆ ಆಗುವ ಎತ್ತರ, ಸುಮಾರು 6 ಇಂಚು, ಹಿಡಿಗೂ ಹೆದೆಗೂ ನಡುವೆ ಇರಬೇಕು. ಹೆದೆಗೆ ಡಾಕ್ರಾನ್ ದಾರ, 12–14 ಎಳೆ ಹೊಸೆದದ್ದು, ಸಾಕು. ಸ್ವಲ್ಪವೂ ಹಿಗ್ಗದ ಹೊಸ ದಾರಗಳು ಬೇಡ, ಅವು ಮರದ ಕಚ್ಚನ್ನೇ ಕೊರೆಯುತ್ತವೆ.

ಕೊನೆಯಲ್ಲಿ ಎರಡು ಮೂರು ಪೌಂಡ್ ಜಾಸ್ತಿ ಉಳಿಸಿಕೊಳ್ಳಿ. ಸ್ಯಾಂಡ್‌ಪೇಪರ್ ತಿಕ್ಕುವಾಗ, ಮೊದಲ ನೂರು ಬಾಣ ಬಿಡುವಾಗ ಅದು ಹೋಗುತ್ತದೆ. ಅಂಚುಗಳನ್ನೆಲ್ಲ ದುಂಡು ಮಾಡಿ. ಮೇಲೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ. ಬಾಣ ಇಲ್ಲದೆ ಹೆದೆ ಎಳೆದು ಬಿಡುವುದು ಯಾವತ್ತೂ ಬೇಡ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ತೋಳಿಗೇ ವಾಪಸ್ ಬಡಿಯುತ್ತದೆ. ಕೆಲಸ ಮುಗಿದ ಮೇಲೆ ಹೆದೆ ಇಳಿಸಿಡಿ. ನಿಮಗಿಂತ ಉದ್ದ ಕೈಯವರಿಗೆ ಎಳೆಯಲು ಕೊಡಬೇಡಿ, ಎಷ್ಟೇ ಬೇಕಾದವರಾದರೂ.

ಈಗ ನಡುವೆ ಇರುವ ಈ ಅರ್ಧ ಬಿಲ್ಲು. ಇದನ್ನು ನೋಡಿದಾಗ ನನಗೆ ಓಟ್ಜಿ ನೆನಪಾಗುತ್ತಾನೆ. 1991ರಲ್ಲಿ ಆಲ್ಪ್ಸ್ ಬೆಟ್ಟದ ಹಿಮದಲ್ಲಿ, ಇಟಲಿ–ಆಸ್ಟ್ರಿಯಾ ಗಡಿಯಲ್ಲಿ ಸಿಕ್ಕಿದ ಮನುಷ್ಯ. ಸುಮಾರು 5300 ವರ್ಷ ಹಿಂದಿನವನು. ಅವನ ಹತ್ತಿರ ತಾಮ್ರದ ಕೊಡಲಿ ಇತ್ತು, ಬತ್ತಳಿಕೆ ಇತ್ತು. ಬತ್ತಳಿಕೆಯಲ್ಲಿದ್ದ 14 ಬಾಣಗಳಲ್ಲಿ ಮುಗಿದದ್ದು ಎರಡೇ. ಆಳೆತ್ತರಕ್ಕಿಂತ ಉದ್ದದ ಯೂ ಮರದ ಬಿಲ್ಲೂ ಇತ್ತು. ಅದಕ್ಕೆ ಹೆದೆ ಕೂರಿಸುವ ಕಚ್ಚು ಇನ್ನೂ ಆಗಿರಲಿಲ್ಲ. ಕೆತ್ತಿದ ಗುರುತುಗಳು ಇವತ್ತಿಗೂ ಅದರ ಮೇಲೆ ಕಾಣುತ್ತವೆ. ಹದ ಮಾಡುವ ಹೊತ್ತಿಗೆ ಅವನ ಕತೆ ಮುಗಿದಿತ್ತು. ಅವನ ಭುಜದಲ್ಲಿ ಬೇರೆ ಯಾರದೋ ಬಾಣದ ಮೊನೆ ಸಿಕ್ಕಿತು.

ಸರಿ. ಯಾರು ಬರುತ್ತೀರಿ ಮುಂದೆ? ಬನ್ನಿ ಬನ್ನಿ, ಸಂಕೋಚ ಬೇಡ. ಈ ಹಗ್ಗ ನಾನು ಹಿಡಿದು ಎಳೆಯುತ್ತೇನೆ, ನೀವು ಬಾಗು ನೋಡಿ. ಎಡ ತೋಳಿನಲ್ಲಿ ಏನೋ ಕಾಣುತ್ತಿದೆ ಅಲ್ವಾ? ಹೌದು, ಹಿಡಿಯಿಂದ ಒಂದು ಮೊಳ ಆಚೆ ಜಾಸ್ತಿ ಮಡಚುತ್ತಿದೆ. ಸರಿಯಾಗಿ ಹಿಡಿದಿರಿ. ಈಗ ಬಿಲ್ಲನ್ನು ಅಲುಗಾಡದಂತೆ ಬಿಗಿಹಿಡಿಯುವ ವೈಸಿಗೆ ಕೂರಿಸಿದ್ದೇನೆ. ಅರ ತಗೊಳ್ಳಿ. ನಾಲ್ಕೇ ಎಳೆತ, ಜಾಸ್ತಿ ಬೇಡ.

ಅಯ್ಯೋ, ಅಲ್ಲಲ್ಲ, ಅಲ್ಲಿ ಅಲ್ಲ!